ಗಾಳಕ್ಕೆ ಬಿದ್ದ ಮೀನು: ಇಡುವುದೋ, ಬಿಡುವುದೋ?

ನಾಟಿ ಮುಗಿದು ಕಳೆ ಕೀಳುವ ಕೆಲಸ ಇನ್ನೂ ಪ್ರಾರಂಭವಾಗದ ಎಂಟು ಹತ್ತು ದಿನಗಳ ಬಿಡುವಿನಲ್ಲಿ ಕೆರೆ ಏರಿಯ ಮೇಲೆ ಅಥವಾ ಹೊಳೆ ದಂಡೆಯಲ್ಲಿ ಗಾಳ ಹಿಡಿದು ಕೂರುವ ರೈತ ಬಾಂಧವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗೊಬ್ಬರ, ಬಿತ್ತನೆ, ಕಳೆಗಳ ವಿಷಯ ಬರೆಯಬೇಕಾದ ಬೇಸಾಯಶಾಸ್ತ್ರದವನಿಗೆ ಮೀನಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಾನೂ ಗಾಳ ಹಾಕುವವನೇ. ಅಲ್ಲದೆ ಈ ವಿಷಯದಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಹೇಳಿಯೇ ಮುಂದುವರಿಯುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಕೆರೆಯ ಜೊಂಡಿನ ಪಕ್ಕದಲ್ಲಿ ಗಾಳ ಹಾಕಿದೆ. ಎರೆಹುಳು ನೀರಿಗೆ ಬಿದ್ದೊಡನೆ ಸುಮಾರು ಎರಡು ಕಿಲೋ ತೂಕದ ಕೊರವ ಮೀನೊಂದು ನುಗ್ಗಿ ಬಂದು ಕಚ್ಚಿತು. ಮರುದಿನ ಅದೇ ಜಾಗದಲ್ಲಿ ಅಷ್ಟೇ ಸುಲಭವಾಗಿ ಇನ್ನೊಂದು ಸಿಕ್ಕಿತು. ಮನೆಯವರೆಲ್ಲ ಸಂತೋಷಪಟ್ಟರು. ಮೂರನೆಯ ದಿನ ಹೋದಾಗ ಜೊಂಡಿನ ಪಕ್ಕದಲ್ಲಿ ಕೆಂಪುಬಣ್ಣದ ಸಣ್ಣ ಮರಿಗಳ ಗುಂಪೊಂದು ನೀರಿನ ಮೇಲ್ಮೈಯಲ್ಲಿ ಕುದಿಯುತ್ತಿರುವಂತೆ ಕಂಡಿತು. ಮಿಂಚುಳ್ಳಿಯೊಂದು ಮತ್ತೆ ಮತ್ತೆ ಎರಗುತ್ತಿತ್ತು. ಕೆಳಗಿನಿಂದ ಜಿಲೇಬಿ ಮೀನುಗಳು ಮುಕ್ಕುತ್ತಿದ್ದವು. ತಡೆಯುವವರು ಯಾರೂ ಇರಲಿಲ್ಲ. ಸಂಜೆಯ ವೇಳೆಗೆ ಆ ಗುಂಪೇ ಇರಲಿಲ್ಲ.

ಕೊರವ ಮೀನಿನ ತಂದೆ ತಾಯಿಗಳು ಮೊಟ್ಟೆಯನ್ನೂ ಮರಿಗಳನ್ನೂ ವಾರಗಟ್ಟಲೆ ಕಾಯುತ್ತವೆ. ಆ ಅವಧಿಯಲ್ಲಿ ಹತ್ತಿರ ಬಂದ ಯಾವುದೇ ವಸ್ತುವಿನ ಮೇಲೆ ಎರಗುತ್ತವೆ, ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ. ನನ್ನ ಜಾಣತನದಿಂದ ಸಿಕ್ಕವೆಂದು ತಿಳಿದಿದ್ದ ಆ ಎರಡು ಮೀನುಗಳು ಕಾವಲು ಬಿಡದ ಕಾರಣಕ್ಕೆ ಸಿಕ್ಕಿದ್ದವು. ನೂರಾರು ಮರಿಗಳು ಎರಡು ಹೊತ್ತಿನ ಸಾರಿಗೆ ಹೋದವು.

ಹಿಡಿದ ಮೀನನ್ನು ಮನೆಗೆ ಒಯ್ಯುವುದು ಸರಿಯೋ, ನೀರಿಗೆ ಬಿಡುವುದು ಸರಿಯೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಇದರ ಬಗ್ಗೆ ಬಹಳ ಕಾಲದಿಂದ ಜಗಳವಾಡಿ, ಕೆಟ್ಟು, ಸ್ವಲ್ಪ ಕಲಿತ ಜನರೊಬ್ಬರಿದ್ದಾರೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಮುದ್ರದಂಡೆಯ ಮೇಲೆ ನಿಂತು ಪಟ್ಟೆ ಬಾಸ್ ಎಂಬ ಮೀನಿಗೆ ಗಾಳ ಎಸೆಯುವವರು ಅವರು. ಅವರ ಅನುಭವವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೈಮೇಲೆ ಏಳೆಂಟು ಕಪ್ಪುಗೆರೆಗಳಿರುವ ಈ ಬಾಸ್ ಮೀನು ಸಮುದ್ರದಲ್ಲಿ ಬೆಳೆದರೂ ಮೊಟ್ಟೆಯಿಡಲು ವಸಂತಕಾಲದಲ್ಲಿ ಸಿಹಿನೀರಿನ ನದಿಗಳಿಗೆ ಏರಿ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ಬರುವ ಹತ್ತುಮೀನನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಡ್ಸನ್ ನದಿ ಮತ್ತು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು ಇದರ ಮುಖ್ಯ ತವರು. ಒಂದು ಕಾಲಕ್ಕೆ ಈ ಮೀನು ಎಷ್ಟಿತ್ತೆಂದರೆ ಅಲ್ಲಿಗೆ ವಲಸೆ ಬಂದ ಒಕ್ಕಲಿಗರು ಅದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1639ರಲ್ಲಿ ಮೆಸಾಚುಸೆಟ್ಸ್ ವಸಾಹತಿನ ಆಡಳಿತವು ಬಾಸ್ ಮತ್ತು ಕಾಡ್ ಮೀನುಗಳನ್ನು ಗೊಬ್ಬರಕ್ಕೆ ಬಳಸಕೂಡದೆಂದು ಆಜ್ಞೆ ಮಾಡಬೇಕಾಯಿತು. (ಗೊಬ್ಬರದ ಮೇಲಿನ ನಿರ್ಬಂಧ ಇಷ್ಟು ಹಳೆಯದೆಂದು ನಮ್ಮ ವಿಭಾಗದಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ.)

ಆದರೂ ಆಸೆ ನಿಲ್ಲಲಿಲ್ಲ. 1973ರಲ್ಲಿ ಬಲೆಗಾರರು ಹಿಡಿದು ಮಾರಿದ ಬಾಸ್ ಸುಮಾರು 6,700 ಟನ್. ಹತ್ತು ವರ್ಷಗಳಲ್ಲಿ, ಅಂದರೆ 1983ಕ್ಕೆ, ಅದು 1,600 ಟನ್ನಿಗೆ ಇಳಿಯಿತು. ಮರಿಗಳ ಹುಟ್ಟುವಿಕೆಯೂ ಕುಸಿಯಿತು. 1984ರಲ್ಲಿ ಕೇಂದ್ರ ಸರ್ಕಾರವೇ ಕಾನೂನು ತಂದಿತು. ಮೇರಿಲ್ಯಾಂಡ್ ರಾಜ್ಯವು 1985ರ ಆರಂಭದಿಂದ 1990ರವರೆಗೆ ಬಾಸ್ ಹಿಡಿಯುವುದನ್ನೇ ನಿಲ್ಲಿಸಿತು. ಬಲೆಯವನಿಗೂ ಇಲ್ಲ, ಗಾಳದವನಿಗೂ ಇಲ್ಲ. ಐದು ವರ್ಷ ಜೀವನೋಪಾಯ ಬಿಟ್ಟು ಕೂರುವುದು ಎಂತಹ ಕಷ್ಟವೆಂಬುದನ್ನು ಬರಗಾಲ ಕಂಡ ರೈತರು ಊಹಿಸಬಲ್ಲರು. ಆದರೆ ಮೀನು ಮರಳಿ ಬಂದಿತು. 1995ರಲ್ಲಿ ಬಾಸ್ ಚೇತರಿಸಿಕೊಂಡಿದೆ ಎಂದು ಘೋಷಿಸಲಾಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಬಾಸ್ ಮತ್ತೆ ಮಿತಿಗಿಂತ ಕೆಳಗೆ ಇಳಿದಿತ್ತು. ಈ ಬಾರಿ ಇಳಿಕೆಯಲ್ಲಿ ಬಲೆಗಾರರ ಪಾಲು ಕಡಿಮೆ. ಹೆಚ್ಚಿನ ಪಾಲು ಹವ್ಯಾಸಕ್ಕೆ ಗಾಳ ಹಾಕುವವರದು. ಅದೂ ಎಂತಹವರು? ಹಿಡಿದ ಹತ್ತರಲ್ಲಿ ಸುಮಾರು ಒಂಬತ್ತನ್ನು ನೀರಿಗೇ ಬಿಡುವವರು! ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ನೂರು ಬಿಟ್ಟರೆ ಒಂಬತ್ತು ಸಾಯುತ್ತವೆಂಬುದು ಅಲ್ಲಿನ ವಿಜ್ಞಾನಿಗಳು ಬಳಸುವ ಲೆಕ್ಕ. ನೀರು ಬಿಸಿಯಾದಷ್ಟೂ, ಗಾಳ ಗಂಟಲಿಗೆ ಇಳಿದಷ್ಟೂ ಸಾವು ಹೆಚ್ಚು.

ಈಗ ತಾವೇ ಲೆಕ್ಕ ಹಾಕಿ. ದಂಡೆಯ ಮೇಲೆ ಒಬ್ಬನು ಒಂದು ಮೀನು ಹಿಡಿದು, ಮನೆಗೆ ಒಯ್ದು, ಉಂಡು ಮಲಗುತ್ತಾನೆ. ಇನ್ನೊಬ್ಬನು ರಾತ್ರಿಯೆಲ್ಲ ಮೂವತ್ತು ಮೀನು ಹಿಡಿದು, ಒಂದೊಂದರ ಚಿತ್ರ ತೆಗೆದು, ಎಲ್ಲವನ್ನೂ ಬಿಟ್ಟು, ತಾನು ಒಂದನ್ನೂ ಕೊಲ್ಲಲಿಲ್ಲವೆಂದು ಹೆಮ್ಮೆಯಿಂದ ಹೋಗುತ್ತಾನೆ. ಅವನ ಹಿಂದೆ ಕತ್ತಲೆಯಲ್ಲಿ ಎರಡು ಮೂರು ಮೀನುಗಳು ಯಾರ ಹೊಟ್ಟೆಗೂ ಆಗದೆ ಸಾಯುತ್ತವೆ. ನನ್ನ ಅಭಿಪ್ರಾಯದಲ್ಲಿ ಮೊದಲನೆಯವನೇ ಮೇಲು. ಬಿಡುವುದೇ ಪುಣ್ಯ, ಇಡುವುದೇ ಪಾಪ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾಕಷ್ಟಾದ ಮೇಲೆ ಗಾಳ ಎತ್ತುವುದು ಮುಖ್ಯ.

ಹಾಗಾದರೆ ಯಾವುದನ್ನು ಇಡಬೇಕು? ಅಲ್ಲಿ 2020ರಿಂದ ಸಮುದ್ರದಂಡೆಯ ಗಾಳದವರಿಗೆ ದಿನಕ್ಕೆ ಒಂದೇ ಮೀನು, ಅದೂ 71ರಿಂದ 89 ಸೆಂಟಿಮೀಟರ್ ಉದ್ದದೊಳಗಿನದು ಮಾತ್ರ ಎಂದು ಗೊತ್ತುಪಡಿಸಿದರು. 2023ರಲ್ಲಿ ಮೇಲಿನ ಮಿತಿಯನ್ನು 79 ಸೆಂಟಿಮೀಟರಿಗೆ ಇಳಿಸಿದರು. ಸಣ್ಣದನ್ನು ಬಿಡುವುದು ಎಲ್ಲರಿಗೂ ತಿಳಿದ ಮಾತು. ದೊಡ್ಡದನ್ನೂ ಬಿಡಬೇಕೆಂಬುದು ಹೊಸದು. ಕಾರಣ ಸ್ಪಷ್ಟವಿದೆ. ಆರು ವರ್ಷದ ಹೆಣ್ಣು ಬಾಸ್ ಸುಮಾರು 5 ಲಕ್ಷ ಮೊಟ್ಟೆ ಇಟ್ಟರೆ ಹದಿನೈದು ವರ್ಷದ್ದು ಸುಮಾರು 30 ಲಕ್ಷ ಇಡಬಲ್ಲದು. ರಾಗಿ ಹೊಲದಲ್ಲಿ ತುಂಬಿದ ದಪ್ಪ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ಕಟ್ಟಿಡುತ್ತೇವೆಯೇ ಹೊರತು ಅವನ್ನು ಮಾರಿ ಜೊಳ್ಳನ್ನು ಬಿತ್ತುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಅತಿ ದೊಡ್ಡದನ್ನೇ ಹೆಗಲಿಗೇರಿಸಿಕೊಂಡು ಊರಿನ ಮಧ್ಯೆ ನಡೆದು ಬರುತ್ತೇವೆ.

ಇಷ್ಟೆಲ್ಲ ಮಾಡಿಯೂ 2019ರಿಂದ 2024ರವರೆಗೆ ಚೆಸಪೀಕ್‌ನ ಮೇರಿಲ್ಯಾಂಡ್ ಭಾಗದಲ್ಲಿ ಪ್ರತಿವರ್ಷವೂ ಮರಿಗಳ ಸಂಖ್ಯೆ ಸರಾಸರಿಗಿಂತ ಕೆಳಗೇ ಇತ್ತು.

ನಮ್ಮ ದಂಡೆಗೆ ಮರಳೋಣ. ಇಲ್ಲಿ ಒಂದೇ ನಿಯಮ ಎಲ್ಲ ಮೀನಿಗೂ ಸಲ್ಲದು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಸಾಮಾನ್ಯವಾಗಿ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈನಲ್ಲಿ ಹೀರಾಲಾಲ್ ಚೌಧರಿ ಮತ್ತು ಆಲಿಕುಂಞಿಯವರು ಚುಚ್ಚುಮದ್ದಿನಿಂದ ಈ ಜಾತಿಯ ಗೆಂಡೆಗಳಿಗೆ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದ ಮೇಲೆ ಬಿತ್ತನೆ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಿ ಕೆರೆಗೆ ಬಿಡುವ ಪದ್ಧತಿ ಬಂದಿದೆ. ಆದುದರಿಂದ ಕೆರೆಯ ಕಾಟ್ಲಾ ಎಂದರೆ ಕೊಂಡುತಂದ ಹೈಬ್ರಿಡ್ ಬೀಜದ ಬೆಳೆಯಂತೆ. ಬೆಳೆದ ಮೇಲೆ ಕೊಯ್ಲು ಮಾಡಲು ಸಂಕೋಚ ಬೇಡ. (ಆ ಕೆರೆಯನ್ನು ಸಂಘವೋ ಗುತ್ತಿಗೆದಾರರೋ ಹಿಡಿದಿದ್ದರೆ ಅವರನ್ನು ಕೇಳಿ ಗಾಳ ಹಾಕಿ. ಪಕ್ಕದ ಹೊಲದ ಜೋಳ ಮುರಿಯಲು ನಾವು ಹೋಗುವುದಿಲ್ಲವಷ್ಟೆ.) ಜಿಲೇಬಿ ಮೀನು ತಾನಾಗಿಯೇ ಮಿತಿಮೀರಿ ಹೆಚ್ಚುವುದರಿಂದ ಎಷ್ಟು ತೆಗೆದರೂ ಒಳ್ಳೆಯದೇ. ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕರಂತೂ ಕರುಣೆ ತೋರಿ ನೀರಿಗೆ ಬಿಡಲೇಬೇಡಿ.

ಆದರೆ ಕೊರವ ಮೀನು ಅದೇ ಕೆರೆಯಲ್ಲಿ ಹುಟ್ಟಿ ಅಲ್ಲಿಯೇ ಮರಿ ಮಾಡುವಂಥದು. ಅದು ನಮ್ಮ ಮನೆಯ ಬೀಜ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡ ಕಡೆ ಗಾಳವನ್ನೇ ಹಾಕಬಾರದು. ಹಿಡಿದು ಬಿಟ್ಟರೂ ಆ ಹೊತ್ತಿನಲ್ಲಿ ಮರಿಗಳು ಅನ್ಯರ ಪಾಲಾಗುವುವು. ಹತ್ತುಮೀನಿನ ವಿಷಯವೂ ಹೀಗೆಯೇ. ಮೊದಲ ಮಳೆಯ ರಾತ್ರಿ ಟಾರ್ಚು, ಕತ್ತಿ, ಕೂಳಿ ಹಿಡಿದು ಹಳ್ಳಕ್ಕಿಳಿಯುವ ಸಂಭ್ರಮವನ್ನು ನಾನು ಬಾಲ್ಯದಲ್ಲಿ ಕಂಡವನು; ಅದನ್ನು ಪೂರ್ತಿ ನಿಲ್ಲಿಸಿರೆಂದು ಹೇಳುವ ಧೈರ್ಯ ನನಗಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಕೂಳಿ ಕಟ್ಟುವಾಗ ಅರ್ಧ ದಾರಿಯನ್ನಾದರೂ ಬಿಡಿ. ಕಾವೇರಿಯ ಡುಬ್ಬದ ಮಹಸೀರ್, ನಮ್ಮವರು ಬಿಳಿಮೀನು ಎನ್ನುವುದು, 2018ರಿಂದ ಅಳಿವಿನ ಅಂಚಿನ ಮೀನುಗಳ ಪಟ್ಟಿಯಲ್ಲಿದೆ. ಅದನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ವಿಷ, ಸಿಡಿಮದ್ದುಗಳ ಮಾತು ಇಲ್ಲಿ ಬೇಡ. ಅದು 1897ರ ಕಾಯಿದೆಯಿಂದಲೇ ಅಪರಾಧ.

“ನಾನು ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆ ಸ್ವಾಮಿ” ಎಂದು ತಾವು ಹೇಳಬಹುದು. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮೇರಿಲ್ಯಾಂಡಿನಲ್ಲಿಯೂ ಒಬ್ಬೊಬ್ಬರ ಒಳ್ಳೆಯತನದಿಂದ ಮೀನು ಬರಲಿಲ್ಲ. ಎಲ್ಲರೂ ಒಟ್ಟಿಗೆ ನಿಲ್ಲಿಸಿದ್ದರಿಂದ ಬಂದಿತು. ಅದು ನಮ್ಮವರಿಗೆ ಆಗದ ಕೆಲಸವೆಂದು ಮಾತ್ರ ಹೇಳಬೇಡಿ. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ದೇವರ ಮೀನೆಂದು ಹೊಳೆಯ ಒಂದು ತುಂಡನ್ನು ಊರಿಗೆ ಊರೇ ಮುಟ್ಟದೆ ಬಿಟ್ಟಿದೆ. ಕೆರೆಯ ಒಂದು ಮೂಲೆಯ ಜೊಂಡನ್ನು ಮಳೆಗಾಲದ ಎರಡು ತಿಂಗಳು ಹಾಗೆ ಬಿಡಲು ಗ್ರಾಮಸಭೆಯಲ್ಲಿ ಅರ್ಧ ಗಂಟೆಯ ಮಾತು ಸಾಕು.

ಬಿಡುವುದಾದರೆ ಸರಿಯಾಗಿ ಬಿಡಬೇಕು. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಒಣಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ರೋಗ ಹತ್ತುವುದು. ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ. ಗಾಳ ನುಂಗಿದ್ದರೆ ಎಳೆಯದೆ ದಾರ ಕತ್ತರಿಸಿ. ತುದಿ ಒಳಕ್ಕೆ ಬಾಗಿದ ದುಂಡನೆಯ ಗಾಳ ಬಾಯಂಚಿಗೇ ಸಿಕ್ಕುವುದರಿಂದ ಎರೆ ಕಟ್ಟಿ ಬಾಸ್ ಹಿಡಿಯುವವರಿಗೆ ಅದನ್ನು 2021ರಿಂದ ಕಡ್ಡಾಯ ಮಾಡಿದ್ದಾರೆ. ನಮ್ಮ ಪೇಟೆಯಲ್ಲಿ ಸಿಗದಿದ್ದರೆ ಇರುವ ಗಾಳದ ಮುಳ್ಳನ್ನು ಅರದಿಂದ ಉಜ್ಜಿಬಿಡಿ.

ನನ್ನ ಗಾಳದ ಕೋಲಿನ ಮೇಲೆ ಒಂದಡಿಗೊಂದು, ಒಂದೂವರೆ ಅಡಿಗೊಂದು ಗೀರು ಹಾಕಿದ್ದೇನೆ. ಕೊರವ ಸಿಕ್ಕರೆ ಆ ಎರಡು ಗೀರುಗಳ ನಡುವಿನದು ಮಾತ್ರ ಮನೆಗೆ. ಇದು ಸಂಶೋಧನೆಯಿಂದ ಬಂದ ಅಳತೆಯಲ್ಲ, ನನ್ನ ಅಂದಾಜು. ಕಳೆದ ಮಳೆಗಾಲದಲ್ಲಿ ಅದೇ ಜೊಂಡಿನ ಪಕ್ಕ ಕೆಂಪು ಮರಿಗಳ ಗುಂಪು ಮತ್ತೆ ಕಂಡಿತು. ಅದರ ಕೆಳಗೆ ಕಪ್ಪು ಬೆನ್ನೊಂದು ನಿಧಾನವಾಗಿ ತಿರುಗುತ್ತಿತ್ತು. ಕೋಲೆತ್ತಿಕೊಂಡು ಏರಿಯ ಇನ್ನೊಂದು ತುದಿಗೆ ಹೋದೆ. ಅಲ್ಲಿ ನಾಲ್ಕು ಜಿಲೇಬಿ ಸಿಕ್ಕವು, ಸಾರಿಗೆ ಸಾಕಾಯಿತು.