‘ಪೆನಿಸಿಲಿನ್ ಆಗಲ್ಲ’ ಎಂದು ಬರೆಸುವ ಮೊದಲು

‘ನಮ್ಮ ಮಗನಿಗೆ ಪೆನಿಸಿಲಿನ್ ಆಗಲ್ಲ’ ಎನ್ನುವ ಉಮ್ಮಂದಿರು ಮಾರನಹಳ್ಳಿ ಸುತ್ತಮುತ್ತ ನಮಗೆ ಬಹಳ ಸಿಗುತ್ತಾರೆ. ಯಾವಾಗ, ಏನಾಗಿತ್ತು ಅಂತ ಕೇಳಿದರೆ ಉತ್ತರ ಗಟ್ಟಿಯಿರುವುದಿಲ್ಲ. ಸಣ್ಣವನಿದ್ದಾಗ ಮೈಮೇಲೆ ಗಂದೆ ಎದ್ದಿತ್ತಂತೆ, ಡಾಕ್ಟರು ಬೇಡ ಅಂದಿದ್ದರಂತೆ. ಆ ಮಾತೇ ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ಹೋಗುತ್ತಾ ಇರುತ್ತದೆ.

ಈ ವಿಷಯದಲ್ಲಿ ಹೊರದೇಶಗಳಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಅಮೆರಿಕದಲ್ಲಿ 10ರಲ್ಲಿ ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ ಎಂದು ದಾಖಲೆಯಲ್ಲಿದೆ. ಸರಿಯಾಗಿ ಪರೀಕ್ಷೆ ಮಾಡಿದರೆ ಅವರಲ್ಲಿ ಶೇ. 90ಕ್ಕೂ ಹೆಚ್ಚು ಜನರಿಗೆ ಔಷಧಿ ಏನೂ ಮಾಡುವುದಿಲ್ಲ. ನಿಜವಾದ ಅಲರ್ಜಿ ಇದ್ದವರಲ್ಲೂ ಸುಮಾರು ಶೇ. 80 ಮಂದಿಗೆ 10 ವರ್ಷದಲ್ಲಿ ಅದು ಕಳೆದುಹೋಗುತ್ತದೆ. ಮಕ್ಕಳಿಗೆ ವೈರಸ್ ಜ್ವರದಿಂದಲೇ ಗಂದೆ ಏಳಬಹುದು. ಅಪವಾದ ಮಾತ್ರ ಆ ದಿನ ಕೊಟ್ಟ ಸಿರಪ್ ಮೇಲೆ ಬರುತ್ತದೆ. ಮಾತ್ರೆ ತಿಂದು ಹೊಟ್ಟೆ ಕೆಟ್ಟರೂ ಅಲರ್ಜಿ ಅನ್ನುವವರಿದ್ದಾರೆ. ಅದು ಅಲರ್ಜಿ ಅಲ್ಲ.

ಬೇರೆ ಔಷಧಿ ತಗೊಂಡರಾಯಿತು, ನಷ್ಟವೇನು ಅಂತ ಕೇಳಬಹುದು. ಗಂಟಲು ನೋವಿನ ನಂತರ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುತ್ತದೆ. ಅಂಥ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನೇ ಮುಖ್ಯ ರಕ್ಷಣೆ. ಇಲ್ಲದ ಅಲರ್ಜಿಯ ಹೆಸರಿನಲ್ಲಿ ಅದನ್ನು ಕೈಬಿಟ್ಟರೆ ಮಗುವಿನ ಹೃದಯಕ್ಕೇ ಅಪಾಯ.

ಹಾಗಾದರೆ ರಕ್ತ ಕೊಟ್ಟು ಟೆಸ್ಟ್ ಮಾಡಿಸೋಣ ಅಂತ ಹೊರಡುವವರೂ ಇದ್ದಾರೆ. ‘ಅಲರ್ಜಿ ಪ್ಯಾಕೇಜ್’ ಅಂತ ಸಾವಿರಾರು ರೂಪಾಯಿ ಕೊಡುವ ಮುಂಚೆ ಒಂದು ಮಾತು ಕೇಳಿ. ಅದರಲ್ಲಿ ಬರುವ ‘ಟೋಟಲ್ ಐಜಿಇ’ ಧೂಳಿನ ಅಲರ್ಜಿಗೂ ಏರುತ್ತದೆ, ಹೊಟ್ಟೆಯ ಜಂತುಹುಳುವಿಗೂ ಏರುತ್ತದೆ. ಔಷಧಿ ಅಲರ್ಜಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಪೆನಿಸಿಲಿನ್‌ಗೆಂದೇ ಮಾಡುವ ಐಜಿಇ ಪರೀಕ್ಷೆ ಬೇರೆ ಇದೆ. ಅದರಲ್ಲೂ ‘ನೆಗೆಟಿವ್’ ಬಂದಿತೆಂದು ಮನೆಯಲ್ಲೇ ಮಾತ್ರೆ ನುಂಗಿಸಬಾರದು. ಅಲರ್ಜಿ ಇದ್ದವರಲ್ಲೂ ಎಷ್ಟೋ ಸಲ ಅದು ನೆಗೆಟಿವ್ ಬರುತ್ತದೆ.

ಹೆಚ್ಚು ನಂಬಬಹುದಾದದ್ದು ಚರ್ಮದ ಪರೀಕ್ಷೆ. ಸೂಜಿಮೊನೆಯಷ್ಟು ಔಷಧಿ ಚುಚ್ಚಿ 15-20 ನಿಮಿಷ ನೋಡುತ್ತಾರೆ, ಏನೂ ಆಗದಿದ್ದರೆ ಆಸ್ಪತ್ರೆಯಲ್ಲೇ ಔಷಧಿ ಕೊಟ್ಟು ಕೂರಿಸುತ್ತಾರೆ. ಸಿಟ್ರಿಜಿನ್‌ನಂಥ ಮಾತ್ರೆ ತಿನ್ನುತ್ತಿದ್ದರೆ ಫಲಿತಾಂಶ ತಪ್ಪುತ್ತದೆ, ಮೊದಲೇ ಹೇಳಬೇಕು. ಇಂಜೆಕ್ಷನ್‌ಗೆ ಮುಂಚೆ ನರ್ಸಮ್ಮ ಕೊಡುವ ‘ಟೆಸ್ಟ್ ಡೋಸ್’ ಇದೇ ಅಂತ ತಿಳಿಯಬೇಡಿ. ಔಷಧಿಯಿಂದ ಮೈಯೆಲ್ಲ ಬೊಬ್ಬೆ ಎದ್ದು ಚರ್ಮ ಸುಲಿದಿದ್ದರೆ, ಬಾಯಿ ಹುಣ್ಣಾಗಿದ್ದರೆ ಮಾತ್ರ ಮತ್ತೆ ಆ ಔಷಧಿ ಕೊಟ್ಟು ನೋಡುವ ಮಾತೇ ಇಲ್ಲ.

ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಮನೆಯವರ ಸರಿಯಾದ ಹೇಳಿಕೆ. ಆಸ್ಟ್ರೇಲಿಯಾದ ವೈದ್ಯರು 2020ರಲ್ಲಿ ‘ಪೆನ್-ಫಾಸ್ಟ್’ ಅಂತ ಒಂದು ಲೆಕ್ಕ ಪ್ರಕಟಿಸಿದರು. ಆಗಿದ್ದು ಐದು ವರ್ಷದೊಳಗಾ? ಮುಖ-ತುಟಿ ಊದಿ ಉಸಿರು ಕಟ್ಟಿತಾ, ಇಲ್ಲ ಚರ್ಮ ಸುಲಿಯಿತಾ? ಅದಕ್ಕೆ ಚಿಕಿತ್ಸೆ ಬೇಕಾಯಿತಾ? ಇಷ್ಟು ಕೇಳಿಯೇ ಯಾರಿಗೆ ಅಪಾಯ ಕಡಿಮೆ ಎಂದು ಅಂದಾಜು ಮಾಡುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಇದಕ್ಕೆ ಉತ್ತರವಿದೆ? ಮೆಡಿಕಲ್‌ನಲ್ಲಿ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಯ ಹೆಸರೂ ನೆನಪಿರುವುದಿಲ್ಲ.

ಔಷಧಿ ತೆಗೆದುಕೊಂಡ ಕೂಡಲೇ ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಹತ್ತಿರದ ಆಸ್ಪತ್ರೆಗೆ ಓಡಬೇಕು; ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್. ಮಂಗಳೂರಿಗೇ ಹೋಗೋಣ ಅಂತ ಘಾಟಿ ಇಳಿಯಬೇಡಿ. ಮಳೆಗಾಲದಲ್ಲಂತೂ ಶಿರಾಡಿ ರಸ್ತೆಯನ್ನು ನಂಬುವಂತಿಲ್ಲ, 2018ರಲ್ಲಿ, 2024ರಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ್ದೇವೆ. ರೋಗಿ ಚೇತರಿಸಿಕೊಂಡ ಮೇಲೆ ‘ಟ್ರಿಪ್ಟೇಸ್’ ಪರೀಕ್ಷೆಗೆ ರಕ್ತ ತೆಗೆಯಬಹುದಾ ಅಂತ ಡಾಕ್ಟರನ್ನು ಕೇಳಿ. ಕೆಲವೇ ಗಂಟೆಗಳೊಳಗೆ ತೆಗೆದರೆ ಮಾತ್ರ ಅದರಿಂದ ಉಪಯೋಗ.

ಮದ್ರಸದ ದಾಖಲಾತಿ ಫಾರಂನಲ್ಲಿ ಹೆಸರು, ವಿಳಾಸ, ರಕ್ತದ ಗುಂಪು ಬರೆಸುತ್ತೇವೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಜಮಾಅತ್ ಕಮಿಟಿಗಳು ಮನಸ್ಸು ಮಾಡಬೇಕು: ಯಾವ ಔಷಧಿ, ಯಾವ ವರ್ಷ, ಏನಾಯಿತು, ಯಾರು ಪರೀಕ್ಷಿಸಿದರು.