ಆಕರಕೋಶ ಸಂಶೋಧನೆ: ಚಿಟಿಕೆ ಪ್ರೊಟೀನಿಗೂ ಪರದೇಶದ ದಾರಿ ಕಾಯಬೇಕೆ?

ಬೆಂಗಳೂರು: ಸ್ಟೆಮ್ ಸೆಲ್ ಎಂದೇ ಜನಜನಿತವಾಗಿರುವ ಆಕರಕೋಶಗಳ ಕುರಿತು ಚರ್ಚೆ ಎದ್ದಾಗಲೆಲ್ಲ ಚಿಕಿತ್ಸೆಯ ಭರವಸೆ ಮತ್ತು ಭ್ರೂಣದ ನೈತಿಕತೆ ಮುನ್ನೆಲೆಗೆ ಬರುತ್ತವೆ. ಆದರೆ ಈ ಕೋಶಗಳನ್ನು ಪ್ರತಿನಿತ್ಯ ಸಾಕುವ ಪ್ರಯೋಗಾಲಯಗಳನ್ನು ಕಾಡುತ್ತಿರುವುದು ಹೆಚ್ಚು ಲೌಕಿಕವಾದ ಸಮಸ್ಯೆ. ಅದು ಎಫ್‌ಜಿಎಫ್-2 ಎಂಬ ಪ್ರೊಟೀನಿನ ಬೆಲೆ ಮತ್ತು ಪೂರೈಕೆಗೆ ಸಂಬಂಧಿಸಿದ್ದು.

ಮಾನವ ಭ್ರೂಣದ ಆಕರಕೋಶಗಳನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ತಂಡ ಬೇರ್ಪಡಿಸಿದ್ದು 1998ರಲ್ಲಿ. ಮಾನವನ ಚರ್ಮದ ಕೋಶಗಳನ್ನೇ ಆಕರಕೋಶಗಳಂತೆ ಪರಿವರ್ತಿಸಬಹುದೆಂದು ಜಪಾನಿನ ಶಿನ್ಯಾ ಯಮನಾಕಾ 2007ರಲ್ಲಿ ತೋರಿಸಿದರು. ಎರಡೂ ಬಗೆಯ ಕೋಶಗಳು ದೇಹದ ಹೊರಗೆ ತಮ್ಮ ಮೂಲಸ್ಥಿತಿಯಲ್ಲೇ ಉಳಿಯಬೇಕಾದರೆ ಸತತ ರಾಸಾಯನಿಕ ಸಂಕೇತ ಬೇಕು. ಎಫ್‌ಜಿಎಫ್-2 ನೀಡುವುದು ಇಂಥ ಸಂಕೇತವನ್ನೇ. ಅದು ತಪ್ಪಿದರೆ ಕೋಶಗಳು ತಮ್ಮಷ್ಟಕ್ಕೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡುತ್ತವೆ. ತಿಂಗಳುಗಳ ಶ್ರಮ ವ್ಯರ್ಥವಾಗುತ್ತದೆ.

ಬ್ಯಾಕ್ಟೀರಿಯಾದಿಂದ ಬಾಟಲಿಗೆ

ಮೊದಲು ದನಗಳ ಮಿದುಳು ಮತ್ತು ಪಿಟ್ಯುಟರಿ ಗ್ರಂಥಿಯಿಂದ ಹಿಂಡಿ ತೆಗೆಯುತ್ತಿದ್ದ ಈ ಪ್ರೊಟೀನನ್ನು ಈಗ ಪುನಸ್ಸಂಯೋಜನೆ ವಿಧಾನದಿಂದ ತಯಾರಿಸಲಾಗುತ್ತದೆ. ಮಾನವನ ಜೀನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದನ್ನು ಬೆಳೆಸಿ, ಪ್ರೊಟೀನನ್ನು ಶುದ್ಧೀಕರಿಸುವುದು ಇದರ ಕ್ರಮ. ಒಂದು ಮಿಲಿಲೀಟರ್ ಪೋಷಕ ದ್ರವಕ್ಕೆ ಸಾಮಾನ್ಯವಾಗಿ ಬೇಕಾಗುವುದು 100 ನ್ಯಾನೋಗ್ರಾಂ, ಅಂದರೆ ಮಿಲಿಗ್ರಾಂನ ಹತ್ತು ಸಾವಿರದಲ್ಲೊಂದು ಪಾಲು. ಆದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ಗಂಟೆಯೊಳಗೆ ಇದರ ಅರ್ಧ ಸತ್ವ ನಶಿಸುತ್ತದೆ. ಹಾಗಾಗಿ ಭಾನುವಾರವಿರಲಿ, ದೀಪಾವಳಿಯಿರಲಿ, ದ್ರವವನ್ನು ದಿನವೂ ಬದಲಿಸುವುದು ವಾಡಿಕೆ. ವೆಚ್ಚ ಏರುವುದು ಹೀಗೆ.

ಬೆಂಗಳೂರಿಗೆ ಈ ವಿಷಯ ದೂರದ್ದಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಭಾರತೀಯ ಮೂಲದ ಎರಡು ಮಾನವ ಭ್ರೂಣ ಆಕರಕೋಶ ಸರಣಿಗಳನ್ನು 2009ರಲ್ಲಿ ಪ್ರಕಟಿಸಿದ್ದರು. ಇನ್‌ಸ್ಟೆಮ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೇ ಕ್ಷೇತ್ರಕ್ಕಾಗಿ ಇಲ್ಲಿ ಸ್ಥಾಪನೆಯಾಗಿದೆ. ಇಷ್ಟಾದರೂ ದೇಶದ ಪ್ರಯೋಗಾಲಯಗಳು ಇಂಥ ಪ್ರೊಟೀನುಗಳಿಗೆ ಬಹುತೇಕ ಆಮದನ್ನೇ ನೆಚ್ಚಿಕೊಂಡಿವೆ. ಶೀತಲ ಪೆಟ್ಟಿಗೆಯಲ್ಲಿ ಬರಬೇಕಾದ ಸರಕು ದಾರಿಯಲ್ಲಿ ತಡವಾದರೆ ಕೆಡುವ ಅಪಾಯವೂ ಇದೆ.

ಕೊಳ್ಳುವುದು ಸುಲಭ, ತಯಾರಿಕೆ?

ಸಂಶೋಧನಾ ಸಾಮಗ್ರಿಗಳ ಖರೀದಿ ನಿಯಮಗಳನ್ನು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಸಡಿಲಿಸಿ, ನೇರ ಖರೀದಿಯ ಮಿತಿಯನ್ನು 1 ಲಕ್ಷ ರೂಪಾಯಿಯಿಂದ 2 ಲಕ್ಷಕ್ಕೆ ಏರಿಸಿತು. ಇದು ಸ್ವಾಗತಾರ್ಹ. ಆದರೆ ಇದರಿಂದ ಕಡತದ ಓಡಾಟ ಕಡಿಮೆಯಾದೀತೇ ಹೊರತು ಪರಾವಲಂಬನೆ ತಗ್ಗದು.

ತಂತ್ರಜ್ಞಾನ ನಮಗೆ ಹೊಸತೇನಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲೇ ಪುನಸ್ಸಂಯೋಜಿತ ಹೆಪಟೈಟಿಸ್-ಬಿ ಲಸಿಕೆಯನ್ನು ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಲಿನ್ ಬಿಡುಗಡೆ ಮಾಡಿತು. ಮಧುಮೇಹಿಗಳ ಪಾದದ ಹುಣ್ಣಿಗೆ ಭಾರತ್ ಬಯೋಟೆಕ್ ತಯಾರಿಸಿದ ಔಷಧದಲ್ಲಿರುವುದು ಇನ್ನೊಂದು ಬೆಳವಣಿಗೆಕಾರಕ ಪ್ರೊಟೀನೇ. ಹಾಗಾದರೆ ತೊಡಕೆಲ್ಲಿದೆ?

ಮೊದಲನೆಯದು, ಸಂಶೋಧನೆಗಷ್ಟೇ ಬೇಕಾಗುವ ಪ್ರಮಾಣ ಅತ್ಯಲ್ಪ. ಔಷಧ ಮಾರುಕಟ್ಟೆಯ ಲಾಭ ಇಲ್ಲಿಲ್ಲ. ಎರಡನೆಯದು ನಂಬಿಕೆ. ಬ್ಯಾಕ್ಟೀರಿಯಾದ ವಿಷಾಂಶ ಲವಲೇಶ ಉಳಿದರೂ, ಒಂದು ಕಂತಿನ ಸತ್ವ ಇನ್ನೊಂದರಂತಿಲ್ಲದಿದ್ದರೂ ಫಲಿತಾಂಶ ಏರುಪೇರಾಗುತ್ತದೆ. ಆದ್ದರಿಂದ ಅಗ್ಗವೆಂಬ ಒಂದೇ ಕಾರಣಕ್ಕೆ ವಿಜ್ಞಾನಿಗಳು ಪರಿಚಿತ ಸರಕನ್ನು ಬಿಡುವುದಿಲ್ಲ. ಈ ಎಚ್ಚರಿಕೆಯನ್ನು ತಪ್ಪೆನ್ನಲಾಗದು.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ಇದಕ್ಕೆ ಮಾರ್ಗ ತೋರಿಸಿದೆ. ಎಫ್‌ಜಿಎಫ್-2 ಸೇರಿ ಮೂರು ಪ್ರೊಟೀನುಗಳನ್ನು ತನ್ನ ಪ್ರಯೋಗಾಲಯದಲ್ಲೇ ತಯಾರಿಸಿಕೊಂಡ ತಂಡ, ಮಾರುಕಟ್ಟೆ ದರದ ಕೇವಲ ಶೇ. 3ರಷ್ಟು ವೆಚ್ಚದಲ್ಲಿ ಪೋಷಕ ದ್ರವ ಸಿದ್ಧಪಡಿಸಿ, ವಿಧಾನವನ್ನು ಬಹಿರಂಗಪಡಿಸಿತು. ವಾರಾಂತ್ಯದಲ್ಲಿ ದ್ರವ ಬದಲಿಸುವ ಅಗತ್ಯವೂ ಅದಕ್ಕಿಲ್ಲ.

ಜೈವಿಕ ಉತ್ಪಾದನೆಗೆ ಒತ್ತು ನೀಡುವ ಬಯೋಇ3 ನೀತಿಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಅದರಡಿ ಸಾರ್ವಜನಿಕ ಸಂಸ್ಥೆಯೊಂದು ಇಂಥ ಪ್ರೊಟೀನುಗಳನ್ನು ತಯಾರಿಸಿ, ಪ್ರತಿ ಕಂತನ್ನೂ ಪರೀಕ್ಷಿಸಿ, ವರದಿಯೊಂದಿಗೆ ಎಲ್ಲ ವಿಶ್ವವಿದ್ಯಾಲಯಗಳಿಗೆ ಹಂಚಬಹುದು. ಈ ಏರ್ಪಾಡಾಗದಿದ್ದರೆ ಆಕರಕೋಶ ಸಂಶೋಧನೆ ಅನುದಾನಬಲವುಳ್ಳ ಕೆಲವೇ ಸಂಸ್ಥೆಗಳ ಸ್ವತ್ತಾಗಿ ಉಳಿಯುತ್ತದೆ. ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದು ಪಠ್ಯಪುಸ್ತಕದ ಚಿತ್ರವಷ್ಟೇ ಆಗುತ್ತದೆ.