ವಿಕಾರವಾವುದು?

ಆಸ್ಟ್ರೇಲಿಯದ ಶಿಲ್ಪಿ ಪೆಟ್ರೀಷಿಯ ಪಿಚಿನಿನಿಯವರು 2002ರಲ್ಲಿ ರಚಿಸಿದ ‘ದಿ ಯಂಗ್ ಫ್ಯಾಮಿಲಿ’ ಎಂಬ ಶಿಲ್ಪದಲ್ಲಿ, ಅರೆ ಮಾನವಳೂ ಅರೆ ಹಂದಿಯೂ ಆದ ತಾಯಿಯೊಬ್ಬಳು ಮಲಗಿ ಮರಿಗಳಿಗೆ ಮೊಲೆಯೂಡಿಸುತ್ತಿದ್ದಾಳೆ. ಇದನ್ನು ವಿಕಾರವೆಂದು ಮೂಗು ಮುರಿಯುವವರನ್ನು ಕೇಳುತ್ತೇನೆ: ಗಣಪತಿಗೂ ಹಂಪೆಯ ನರಸಿಂಹನಿಗೂ ಕೈಮುಗಿಯುವ ನಮಗೆ ಇವಳೇಕೆ ಅಸಹ್ಯಳು? ಮಿಶ್ರರೂಪವು ದೇವರಾದರೆ ಭವ್ಯ, ತಾಯಿಯಾದರೆ ಹೇಯವೆ?

ಮನುಷ್ಯರಿಗೆ ಅಂಗಗಳನ್ನೊದಗಿಸಲು ಪ್ರಾಣಿಗಳನ್ನು ಬೆಳೆಸುವ ವಿಚಾರವೇ ಈ ಶಿಲ್ಪದ ಬೀಜ. 2022ರಲ್ಲಿ ಅಮೆರಿಕದ ವೈದ್ಯರು ಹಂದಿಯ ಹೃದಯವನ್ನು ರೋಗಿಯೊಬ್ಬನ ಎದೆಯಲ್ಲಿ ಜೋಡಿಸಿಯೂ ಆಯಿತು. ಹಂದಿಯ ಹೃದಯ ಬೇಕು, ಮುಖ ಬೇಡವೆಂಬುದು ಸೌಂದರ್ಯಪ್ರಜ್ಞೆಯೇ? ಅಲ್ಲ, ಕೃತಘ್ನತೆ.

ಉಪಾಧ್ಯಾಯ ಬಂಧುಗಳೇ, ಈ ತಾಯಿಯ ಚಿತ್ರವನ್ನು ಮಕ್ಕಳಿಗೆ ತೋರಿಸೋಣ. ನಗುವ ಮೊದಲು ಅವಳ ಕಣ್ಣುಗಳನ್ನು ನೋಡಿರೆಂದು ಹೇಳೋಣ.